ಕಡೆಯ ರೀಲಿಲ್ಲದ ಚಿತ್ರ

ಯುರೋಪಿನ ಯಾವುದೋ ಚಳಿ ದೇಶದಲ್ಲಿ ನಾಲ್ಕು ಜನ ಸೇರಿ ಬ್ಯಾಂಕು ಒಡೆಯುವ ಚಿತ್ರವೊಂದನ್ನು ಹೈದರಾಬಾದ ಸಂಸ್ಥಾನದ ಮೇಲೆ ಪೊಲೀಸ್ ಕಾರ್ಯಾಚರಣೆ ನಡೆದ ವರ್ಷ ನಾವು ಬೀದರ, ಔರಾದ, ಭಾಲ್ಕಿಗಳಲ್ಲಿ ತೋರಿಸಿದೆವು. ಈಗ ಮನೆಯಲ್ಲಿ ಮೊಮ್ಮಕ್ಕಳು ಟಿ.ವಿ.ಯಲ್ಲಿ ಅಂಥದ್ದೇ ಏನಾದರೂ ಹಚ್ಚಿದರೆ ನಾನು ಎದ್ದು ಒಳಗೆ ಹೋಗಿಬಿಡುತ್ತೇನೆ. ಕಳ್ಳರದ್ದು ಸರಿ, ಪೊಲೀಸರದ್ದು ತಪ್ಪು ಎಂದು ಅವರು ತಮ್ಮತಮ್ಮಲ್ಲೇ ಜಗಳವಾಡುತ್ತಾರೆ. ಅದು ಆಟದ ಜಗಳ. ಆದರೂ ಆ ಮಾತು ಕಿವಿಗೆ ಬಿದ್ದರೆ ನಾನು ಬಾಗಿಲು ಹಾಕಿಕೊಳ್ಳುತ್ತೇನೆ. ಒಂದು ಚಿತ್ರದ ಬಗ್ಗೆ ಹೀಗನಿಸಿತು, ಹಾಗನಿಸಿತು ಎಂದು ಬಾಯಿಬಿಟ್ಟು ಹೇಳಿದ್ದಕ್ಕೆ ಮನುಷ್ಯರ ಜೀವಕ್ಕೆ ಕುತ್ತು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಅಪ್ಪ ಭಾಲ್ಕಿಯ ಮಿಶನ್ ಸಾಲೆಯಲ್ಲಿ ಮಾಸ್ತರರಾಗಿದ್ದರು. ಗದ್ದಲದ ದಿನಗಳು ಬಂದು ಸಾಲೆ ಮುಚ್ಚಿದ ಮೇಲೆ ಡೇರೆ ಸಿನಿಮಾದ ಮಾಲಕರೊಬ್ಬರ ಹತ್ತಿರ ಕೆಲಸಕ್ಕೆ ಸೇರಿಕೊಂಡರು. ಮಾಲಕರು ಬೀದರಿನ ಮುಸಲ್ಮಾನರು, ಅಪ್ಪನ ಹಳೆಯ ಗೆಳೆಯರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಅವರ ತಮ್ಮ ಚಿತ್ರ ಬಿಡುವ ಯಂತ್ರ ತಿರುಗಿಸುತ್ತಿದ್ದ. ಮದುವೆಯಾಗಿ ಒಂದು ವರ್ಷವಾಗಿರಲಿಲ್ಲ, ಯಾವಾಗಲೂ ಬಾಯೊಳಗೇ ಏನೋ ಹಾಡು ಗುನುಗುವವನು. ಹೈದರಾಬಾದಿನಲ್ಲಿ ಯಾರೂ ಕೇಳದ ಹಳೆಯ ಮೂಕಿ ಚಿತ್ರಗಳನ್ನು ಚಾಚಾ ತರುತ್ತಿದ್ದರು. ನಡುನಡುವೆ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಅಪ್ಪ ಪರದೆಯ ಪಕ್ಕ ನಿಂತು ಅದನ್ನು ಕನ್ನಡದಲ್ಲೂ ನಮ್ಮ ಕಡೆಯ ದಖನಿ ಉರ್ದುವಿನಲ್ಲೂ ಕಥೆ ಮಾಡಿ ಹೇಳುತ್ತಿದ್ದರು. ಹೆಂಗಸರು ಕೂಡುವ ಕಡೆ ಅಡ್ಡ ಬಟ್ಟೆ ಕಟ್ಟಿರುತ್ತಿತ್ತು. ದೀಪಕ್ಕೆ ಕರೆಂಟು ಕೊಡುವ ಎಂಜಿನ್ನಿನ ಸದ್ದಿಗೆ ಅಪ್ಪನ ದನಿ ಅಲ್ಲಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಹಾಗಾಗಿ ಅವರ ನಡುವೆ ನಾನು ಕೂತು ಅದೇ ಕಥೆಯನ್ನು ಹೇಳುತ್ತಿದ್ದೆ. ಆಗ ನನಗೆ ಹದಿನೇಳೋ ಹದಿನೆಂಟೋ.

ಆ ಚಿತ್ರದ ಕಥೆ ಸರಳ. ಒಬ್ಬ ಮುದುಕ ಕೀಲಿ ಮಾಡುವವನು, ಒಬ್ಬ ಕೆಲಸ ಕಳೆದುಕೊಂಡ ಸಿಪಾಯಿ, ಇಬ್ಬರು ಅಣ್ಣತಮ್ಮಂದಿರು. ಚಪ್ಪಲಿ ಅಂಗಡಿಯ ನೆಲಮಾಳಿಗೆಯಿಂದ ಸುರಂಗ ತೋಡಿ ಬ್ಯಾಂಕಿಗೆ ನುಗ್ಗುತ್ತಾರೆ. ಪೊಲೀಸರು ನಾಯಿ ಬಿಡುತ್ತಾರೆ. ಹಿಮ ಬಿದ್ದ ಬಯಲಿನಲ್ಲಿ ಓಡಿ ಓಡಿ ಒಂದು ಸೇತುವೆಗೆ ಬರುತ್ತಾರೆ. ಸೇತುವೆಯ ಆಚೆ ಬೇರೆ ದೇಶ. ನಾಲ್ವರೂ ಸೇತುವೆಯ ನಡುವೆ ಇರುವಾಗ ಚಿತ್ರ ಮುಗಿದುಹೋಗುತ್ತಿತ್ತು. ಕಡೆಯ ರೀಲು ಇರಲಿಲ್ಲ, ಮಾರಿದವನು ಕೊಟ್ಟಿರಲಿಲ್ಲ. ಬರೀ ಬಿಳಿ ಬೆಳಕು ಬಿದ್ದ ಪರದೆಯ ಮುಂದೆ ನಿಂತು ಅಪ್ಪ ಮುಂದಿನದನ್ನು ಬಾಯಿಂದ ಹೇಳಿ ಮುಗಿಸುತ್ತಿದ್ದರು.

ಮೊದಲು ತೋರಿಸಿದ್ದು ಬೀದರಿನಲ್ಲಿ, ನೌಬಾದ ಕಡೆಯ ಬಯಲಿನಲ್ಲಿ. ಮುಂದಿನ ಕುರ್ಚಿಗಳಲ್ಲಿ ಸರಕಾರಿ ಮಂದಿ ಕೂತಿದ್ದರು. ಅವರನ್ನು ನೋಡಿ ಅಪ್ಪ, ಕಳ್ಳರು ಸಿಕ್ಕಿಬಿದ್ದರು, ಜೈಲಿಗೆ ಹೋದರು ಎಂದು ಮುಗಿಸಿದರು. ಕುರ್ಚಿಯವರು ತಲೆದೂಗಿ ಎದ್ದರು. ಹೊರಗೆ ಗಂಜ್ ಪೇಟೆಯ ಅಂಗಡಿಯವರೊಬ್ಬರು ಅಪ್ಪನನ್ನು ನಿಲ್ಲಿಸಿ, "ಕೀಲಿ ಮಾಡಿದಂವನೇ ಕೀಲಿ ಒಡದ್ರ ಯಾರನ್ನ ನಂಬಬೇಕ್ರಿ ಮಾಸ್ತರ?" ಎಂದು ಬಹಳ ಬೇಸರದಿಂದ ಕೇಳಿದರು. ನನ್ನ ಕಡೆಯ ಹೆಂಗಸರಿಗೆ ಹಿಮದ್ದೇ ಚಿಂತೆ. ಒಬ್ಬಾಕೆ, "ಅಷ್ಟೊಂದು ಅಳ್ಳಿ ಹಾದ್ಯಾಗ ಬಿದ್ದದ, ಆರಿಸ್ಕೊಳ್ಳೋರು ಯಾರೂ ಇಲ್ಲೇನು ಆ ಊರಾಗ?" ಎಂದಳು. ಅರಳೆಯಲ್ಲ, ಅದು ನೀರು ಗಟ್ಟಿಯಾಗಿ ಬಿದ್ದದ್ದು ಎಂದರೆ ನಂಬಲಿಲ್ಲ. ಅವತ್ತು ನಕ್ಕದ್ದು ನೆನಪಿದೆ. ಆ ವರ್ಷ ಅಷ್ಟು ನಕ್ಕದ್ದು ಮತ್ತೆ ನೆನಪಿಲ್ಲ.

ಏಕೆಂದರೆ ಊರಲ್ಲಿ ಗಾಳಿ ಕೆಟ್ಟಿತ್ತು. ಸಂಸ್ಥಾನ ಭಾರತಕ್ಕೆ ಸೇರಬಾರದು ಎಂದು ಖಾಕಿ ತೊಟ್ಟು ಬಂದೂಕು ಹಿಡಿದ ಹುಡುಗರು ರಸ್ತೆಯಲ್ಲಿ ತಿರುಗುತ್ತಿದ್ದರು. ಹಳ್ಳಿಗಳಿಗೆ ನುಗ್ಗಿ ದೋಚಿದರು, ಸುಟ್ಟರು ಎಂಬ ಸುದ್ದಿ ವಾರವಾರ ಬರುತ್ತಿತ್ತು. ಅನುಕೂಲವಿದ್ದವರು ಹೆಂಡತಿ ಮಕ್ಕಳನ್ನು ಸರಹದ್ದಿನಾಚೆ ಸೋಲಾಪುರದ ಕಡೆ ಸಾಗಿಸಿದ್ದರು. ಹೈದರಾಬಾದ ಸಂಸ್ಥಾನ ಭಾರತಕ್ಕೆ ಸೇರಬೇಕು ಎಂದು ಹೊರಟ ತರುಣರು ಅಲ್ಲಿ ಶಿಬಿರ ಮಾಡಿಕೊಂಡು ಒಳಗೆ ಬಂದು ಗಡಿಯ ನಾಕಾ ಚೌಕಿಗಳ ಮೇಲೆ ಬೀಳುತ್ತಿದ್ದರು. ನಾವು ಔರಾದಿಗೆ ಹೊರಡುವ ಹೊತ್ತಿಗೆ ಮರಾಠಿ ಸೀಮೆಯ ಯಾವುದೋ ಊರಲ್ಲಿ ಅವರು ಸರಕಾರದ ಖಜಾನೆ ಒಡೆದರಂತೆ ಎಂಬ ಮಾತು ಹಬ್ಬಿತ್ತು. ನಿಜವೋ ಸುಳ್ಳೋ ತಿಳಿಯದು. ಅಪ್ಪ ಚಾಚಾನಿಗೆ, "ಈ ಚಿತ್ರ ಅಲ್ಲಿ ಬ್ಯಾಡ್ರಿ" ಎಂದರು.

"ಪರದೇಶದ ಚಿತ್ರ ಮಾಸ್ತರ. ಅದಕ್ಕೂ ನಮಗೂ ಏನ್ ಸಂಬಂಧ?" ಎಂದರು ಚಾಚಾ. ಬೇರೆ ಚಿತ್ರಗಳೆಲ್ಲ ಹರಿದು ಹೋಗಿದ್ದವು ಎಂಬುದೂ ನಿಜ.

ಔರಾದಿನಲ್ಲಿ ಡೇರೆ ತುಂಬಿತು. ಠಾಣಾ ಕುಶನೂರಿನಿಂದ, ಡಾಬಕಾದಿಂದ ಬಂಡಿ ಕಟ್ಟಿಕೊಂಡು ಬಂದಿದ್ದರು. ನನ್ನ ಪಕ್ಕದಲ್ಲಿ ಡಾಬಕಾದ ಒಬ್ಬ ಮುದುಕಿ ಕೂತಿದ್ದಳು. ಸುರಂಗ ತೋಡುವ ಹೊತ್ತಿಗೆ ಆಕೆ ನನ್ನ ಕೈ ಹಿಡಿದುಕೊಂಡಳು. "ನನ್ನ ಮಗನೂ ಹಿಂಗೇ ಎಲ್ಲೋ ಮಣ್ಣಾಗ ಮಲಗಿರಬೇಕವ್ವ" ಎಂದಳು ಮೆಲ್ಲಗೆ. ಆಕೆಯ ಮಗ ಶಿಬಿರಕ್ಕೆ ಹೋಗಿದ್ದ. ಹೆಂಗಸರು ಯಾರೂ ಈ ಸಲ ಹಿಮದ ಮಾತೆತ್ತಲಿಲ್ಲ. ನಾಯಿಗಳು ಅಟ್ಟಿಸಿಕೊಂಡು ಬಂದವು. ಸೇತುವೆ ಬಂತು. ಮುದುಕಿ ನನ್ನ ಕೈಯನ್ನು ಹಿಂಡಿ, "ದಾಟಿಸು ತಾಯಿ, ಅವರನ್ನ ದಾಟಿಸಿಬಿಡು" ಎಂದಳು, ಅದು ನನ್ನ ಕೈಯಲ್ಲಿದೆಯೋ ಎಂಬಂತೆ.

ಪರದೆ ಬಿಳಿಯಾಯಿತು. ಅಪ್ಪ ಜನರ ಕಡೆ ತಿರುಗಿದರು. ಜನರ ಮುಖ ಅವರಿಗೆ ಆ ಬೆಳಕಿನಲ್ಲಿ ಕಾಣುತ್ತಿತ್ತು. ಆಮೇಲೆ, "ದಾಟಿದರು. ನಾಲ್ವರೂ ದಾಟಿದರು. ಆಚೆ ದಂಡೆಯಲ್ಲಿ ಅವರನ್ನು ಹಿಡಿಯುವವರು ಯಾರೂ ಇರಲಿಲ್ಲ" ಎಂದರು.

ಚಪ್ಪಾಳೆ ಶುರುವಾಯಿತು. ನಿಲ್ಲಲೇ ಇಲ್ಲ. ಗಂಡಸರ ಕಡೆಯಿಂದ ಯಾರೋ, "ಸರಹದ್ದು ದಾಟ್ಯಾರ, ನಮ್ಮವರು ದಾಟ್ಯಾರ" ಎಂದು ಕೂಗಿದರು. ನಾನು ಬಟ್ಟೆಯ ಸಂದಿಯಿಂದ ಅಪ್ಪನನ್ನು ನೋಡಿದೆ. ಆ ಚಪ್ಪಾಳೆಗೆ ಅವರ ಮುಖ ಸುಣ್ಣದಂತಾಗಿತ್ತು.

ಮರುದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಇಬ್ಬರು ಪೊಲೀಸರು ಬಂದರು. ಠಾಣೆಯ ಮುಖ್ಯಸ್ಥರಾದ ಅಮೀನ ಸಾಹೇಬರು ಕರೆದಿದ್ದಾರೆ, ಕಥೆ ಹೇಳುವ ಮಾಸ್ತರ, ಮಗಳು, ಮಾಲಕ ಎಲ್ಲರೂ ಬರಬೇಕು ಎಂದರು. ಠಾಣೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಒಬ್ಬ ಮನುಷ್ಯ ಕೂತಿದ್ದ. ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು. ಅವನನ್ನು ದಾಟಿಯೇ ಒಳಗೆ ಹೋಗಬೇಕು. ಅವನು ಚಿತ್ರ ನೋಡಲು ಬಂದವನೇ ಇರಬಹುದು, ನನಗೆ ಮತ್ತೊಮ್ಮೆ ನೋಡುವ ಧೈರ್ಯವಾಗಲಿಲ್ಲ. ಅಪ್ಪನನ್ನು ಮೊದಲು ಒಳಗೆ ಕರೆದರು. ಬಾಗಿಲು ಮುಚ್ಚಿತು. ಆಮೇಲೆ ಅವರನ್ನು ಹಿಂದಿನ ಬಾಗಿಲಿನಿಂದ ಎಲ್ಲಿಗೋ ಕಳಿಸಿ ನನ್ನನ್ನು ಕರೆದರು. ಅಪ್ಪ ಏನು ಹೇಳಿದ್ದಾರೆಂದು ನನಗೆ ಗೊತ್ತಿರಲಿಲ್ಲ.

ಅಮೀನ ವಯಸ್ಸಾದವರು, ಕನ್ನಡ ಚೆನ್ನಾಗಿ ಬಲ್ಲವರು. ಚಷ್ಮಾ ಒರೆಸಿಕೊಳ್ಳುತ್ತ ದನಿ ಎತ್ತದೆ ಕೇಳಿದರು. "ಬೀದರದಾಗ ಸಿಕ್ಕಿಬಿದ್ದ ಕಳ್ಳರು ಔರಾದದಾಗ ಹ್ಯಾಂಗ ಪಾರಾದ್ರವ್ವ?"

ಕಳ್ಳರು ಪಾರಾಗಿಲ್ಲ ಎಂದು ಅಪ್ಪ ಹೇಳಿದ್ದರೆ? ಯಾರೋ ತಪ್ಪು ಕೇಳಿಸಿಕೊಂಡರು ಎಂದಿದ್ದರೆ? ನಾನು ಒಂದು ಹೇಳಿ ಅಪ್ಪ ಒಂದು ಹೇಳಿದರೆ ಆ ಪಡಸಾಲೆಯ ಮನುಷ್ಯನ ಪಕ್ಕದಲ್ಲಿ ಅಪ್ಪ ಕೂಡಬೇಕಾಗುತ್ತದೆ ಎಂದು ಅನಿಸಿತು. ಸುಳ್ಳು ಕಟ್ಟುವುದಕ್ಕೂ ತಲೆ ಓಡಲಿಲ್ಲ. "ಕಡಿಗಿನ ರೀಲೇ ಇಲ್ರಿ ಸಾಹೇಬ್ರ. ಅವರು ಏನಾದ್ರು ಅಂತ ಯಾರಿಗೂ ಗೊತ್ತಿಲ್ರಿ. ಅಪ್ಪ ಬಾಯ್ಲೆ ಹೇಳ್ತಾರ್ರಿ" ಎಂದೆ.

ಅವರು ಚಷ್ಮಾ ಹಾಕಿಕೊಂಡು ನನ್ನನ್ನು ನೋಡಿದರು. "ಮಾಸ್ತರನೂ ಇದನ್ನೇ ಹೇಳ್ಯಾನ" ಎಂದರು. ನಾನು ಅಲ್ಲೇ ನೆಲಕ್ಕೆ ಕೂತೆ.

ಅಷ್ಟಕ್ಕೇ ಬಿಡಲಿಲ್ಲ. ಚಿತ್ರವನ್ನು ತಾವೇ ನೋಡಬೇಕು ಎಂದರು. ಅವತ್ತು ಹೊತ್ತು ಮುಳುಗುತ್ತಲೇ ಠಾಣೆಯ ಅಂಗಳದಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿದರು. ಅಮೀನರು, ಅವರ ಪೊಲೀಸರು, ಖಾಕಿಯ ನಾಲ್ಕಾರು ಹುಡುಗರು ಬಂದೂಕುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಚಾಚಾನ ತಮ್ಮ ಯಂತ್ರ ತಿರುಗಿಸಿದ. ಅವತ್ತು ಅವನ ಬಾಯಿಂದ ಹಾಡು ಬರಲಿಲ್ಲ. ಅಪ್ಪ ಬಟ್ಟೆಯ ಪಕ್ಕ ನಿಂತು ಕಥೆ ಹೇಳಿದರು.

ನೋಡುವವರು ನೋಡುವವರೇ. ಮುದುಕ ಕಿವಿಯಿಟ್ಟು ಕೀಲಿ ತೆಗೆಯುವಾಗ ಖಾಕಿಯ ಒಬ್ಬ ಹುಡುಗ ಮುಂದೆ ಬಾಗಿ, "ವಾಹ್, ಕ್ಯಾ ಹಾತ್ ಹೈ" ಎಂದು ಆ ಕೈಚಳಕಕ್ಕೆ ತಲೆದೂಗಿದ. ಇನ್ನೊಬ್ಬ, ಸಿಪಾಯಿಯಾಗಿದ್ದವನು ಕಳ್ಳನಾದದ್ದು ತಪ್ಪು, ಅವನಿಗೆ ಊರವರು ಕೆಲಸ ಕೊಡಬೇಕಿತ್ತು ಎಂದ. ನಾಯಿಗಳು ಹತ್ತಿರ ಬಂದಾಗ ಅಮೀನರು ಕುರ್ಚಿಯ ತುದಿಗೆ ಸರಿದಿದ್ದರು. ಅವರ ತುಟಿ ಅಲುಗಿತು. "ನಿಕಲ್ ಜಾ", ಪಾರಾಗಿಬಿಡು, ಎಂದು ತಮಗೆ ತಾವೇ ಹೇಳಿಕೊಂಡದ್ದು ಪಕ್ಕದಲ್ಲಿ ನಿಂತಿದ್ದ ನನಗೆ ಕೇಳಿಸಿತು. ಥಟ್ಟನೆ ತಿರುಗಿ ನೋಡಿದರು. ನಾನು ಕೇಳಿಸಿಕೊಂಡೆನೆಂದು ಅವರಿಗೆ ತಿಳಿಯಿತು. ಆ ನೋಟ ನನಗೆ ಬಂದೂಕಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಬಟ್ಟೆ ಬಿಳಿಯಾದ ಮೇಲೆ, "ಹೇಳು ಮಾಸ್ತರ, ಮುಂದೇನಾಯ್ತು?" ಎಂದರು.

ಅಪ್ಪ ಕೈಕಟ್ಟಿ ನಿಂತರು. "ತಾವು ಹೇಳಿದ್ದೇ ಆಯ್ತ್ರಿ ಸಾಹೇಬ್ರ."

ಅಮೀನರು ಹುಡುಗರ ಕಡೆ ಒಮ್ಮೆ ನೋಡಿ, "ಸೇತುವೆ ಮ್ಯಾಲೇ ಗುಂಡು ಹಾಕ್ತಾರ. ನಾಲ್ಕೂ ಹೆಣ ನದ್ಯಾಗ. ಇನ್ನ ಮ್ಯಾಲೆ ಎಲ್ಲಾ ಊರಾಗ ಇದನ್ನೇ ಹೇಳಬೇಕು. ನಮ್ಮ ಮನುಷ್ಯ ಕೂತು ಕೇಳ್ತಾನ" ಎಂದರು. ಊರವರು ಖುಷಿಗೆ ದೀಪ ಹಚ್ಚಿದರು ಅಂತಲೂ ಸೇರಿಸು ಎಂದ ಖಾಕಿಯ ಒಬ್ಬ. ಉಳಿದವರು ನಕ್ಕರು. ಅಲ್ಲೇ, ಆಗಲೇ, ಅಪ್ಪ ಅದನ್ನು ಜೋರಾಗಿ ಒಪ್ಪಿಸಬೇಕಾಯಿತು. ಸಾಲೆಯಲ್ಲಿ ಮಕ್ಕಳು ಪಾಠ ಒಪ್ಪಿಸುವ ಹಾಗೆ ಒಪ್ಪಿಸಿದರು.

ಹೀಗೆ ಭಾಲ್ಕಿಗೆ ಬಂದೆವು. ಅದು ನಮ್ಮದೇ ಊರು. ಡೇರೆಯ ಕಂಬದ ಹತ್ತಿರ ಖಾಕಿಯವನೊಬ್ಬ ದಿನಾ ಬಂದು ಕೂಡುತ್ತಿದ್ದ. ನಾಲ್ವರನ್ನೂ ಕೊಂದರು, ಊರವರು ದೀಪ ಹಚ್ಚಿದರು ಎಂದು ಅಪ್ಪ ಹೇಳುತ್ತಿದ್ದರು. ಬಟ್ಟೆಯ ಈಚೆ ನಾನೂ ಅದನ್ನೇ ಹೇಳುತ್ತಿದ್ದೆ. ಚಪ್ಪಾಳೆ ಇಲ್ಲ, ಬೈಗುಳವೂ ಇಲ್ಲ. ಜನ ಸುಮ್ಮನೆ ಎದ್ದು ಹೋಗುತ್ತಿದ್ದರು. ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಹೆಂಗಸೊಬ್ಬಳು ಸೆರಗು ಕೊಡವಿ, "ಸಾಕು, ಇನ್ನ ನಾವು ಬರೂದಿಲ್ಲ" ಎಂದಳು. ಒಂದು ಸಂಜೆ ಡೇರೆಯ ಮೇಲೆ ಕಲ್ಲು ಬಿದ್ದವು. ಪೇಟೆಯಲ್ಲಿ ಒಬ್ಬ ತರುಣ ಅಪ್ಪನ ಜೊತೆ ಹೆಜ್ಜೆ ಹಾಕುತ್ತ, "ನಿಮ್ಮ ಮಾಲಕ ನಮ್ಮ ಮಂದೀನ ಕೊಲ್ಲಿಸೋ ಚಿತ್ರ ತೋರಸ್ಲಿಕತ್ತಾನ. ನೆನಪಿಟ್ಟೀವಿ ಅಂತ ಹೇಳ್ರಿ" ಎಂದು ಹೇಳಿ ಸಂದಿಗೆ ತಿರುಗಿಕೊಂಡ. ಅಪ್ಪ ಅದನ್ನು ಚಾಚಾನಿಗೆ ಹೇಳಲಿಲ್ಲ. ಅಮ್ಮನಿಗೆ ಹೇಳಿದರು.

ಮಳೆ ಹಿಡಿಯಿತು. ಡೇರೆ ಮಡಚಿ, ಯಂತ್ರ ಮತ್ತು ರೀಲುಗಳನ್ನು ಸ್ಟೇಶನ್ನಿನ ಹತ್ತಿರದ ಒಂದು ಗೋದಾಮಿನಲ್ಲಿಟ್ಟರು. ಚಾಚಾ ಮತ್ತು ಅವರ ಹೆಂಡತಿ ಭಾಲ್ಕಿಯಲ್ಲೇ ಬಾಡಿಗೆ ಮನೆ ಹಿಡಿದರು. ತಮ್ಮನ ಹೆಂಡತಿ ಬಾಣಂತನಕ್ಕೆ ಠಾಣಾ ಕುಶನೂರಿನ ತವರಿಗೆ ಹೋಗಿದ್ದಳು.

ಒಂದು ದಿನ ಆಕಾಶದಲ್ಲಿ ವಿಮಾನಗಳು ಬಂದವು. ಭಾರತದ ಸೈನ್ಯ ಒಳಗೆ ಬಂದಿದೆ ಎಂದರು. ಕೆಲವೇ ದಿನಗಳಲ್ಲಿ ಖಾಕಿಯ ಹುಡುಗರು ಕಾಣದಾದರು. ಔರಾದಿನ ಅಮೀನರು ಊರು ಬಿಟ್ಟರಂತೆ. ಮಿಲಿಟರಿ ಲಾರಿಗಳು ಹಾದುಹೋದಾಗ ಜನ ಹೂವು ಎಸೆದರು. ನಾನೂ ಹೋಗಿ ನಿಂತಿದ್ದೆ. ಹೆದರಿಕೆ ಮುಗಿಯಿತು ಎಂದುಕೊಂಡು ಮನೆಗೆ ಬಂದೆ. ಲಾರಿಗಳು ಮುಂದೆ ಹೋದವು. ಅದರ ಬೆನ್ನಿಗೇ ಬೇರೆ ಸುದ್ದಿಗಳು ಬರತೊಡಗಿದವು. ಈ ಸಲ ಓಣಿಗಳು ಬೇರೆ, ಓಡುವವರು ಬೇರೆ. ಯಾವ ಪಾಪವನ್ನೂ ಮಾಡದ ಮುಸಲ್ಮಾನರನ್ನು ಹಳ್ಳಿಹಳ್ಳಿಯಲ್ಲಿ ಹಿಡಿದು ಕೊಲ್ಲುತ್ತಿದ್ದಾರೆ ಎಂದರು. ಹೆಣಗಳನ್ನು ಬಾವಿಗೆ ಎಸೆಯುತ್ತಿದ್ದಾರೆ ಎಂಬ ಮಾತು ಕೇಳಿಬಂತು. ಹೆಂಡತಿಗೆ ಹೆರಿಗೆಯಾಗಿದೆ, ಕರೆತರುತ್ತೇನೆ ಎಂದು ಚಾಚಾನ ತಮ್ಮ ವಿಮಾನ ಬರುವ ಮುಂಚಿನ ದಿನ ಔರಾದ ರಸ್ತೆ ಹಿಡಿದು ಹೋಗಿದ್ದ. ತಿರುಗಿ ಬಂದಿರಲಿಲ್ಲ.

ಚಾಚಾ ಮತ್ತು ಚಾಚಿ ಹಿತ್ತಲ ಬಾಗಿಲಿನಿಂದ ಮಳೆಯಲ್ಲಿ ನೆನೆದುಕೊಂಡು ನಮ್ಮ ಮನೆಗೆ ಬಂದರು. ಅಮ್ಮ ಏನೂ ಕೇಳದೆ ಜೋಳದ ಚೀಲಗಳಿದ್ದ ಒಳಕೋಣೆಗೆ ಕಳಿಸಿ ಬಾಗಿಲೆಳೆದಳು. ಅಪ್ಪ ಬೈಬಲ್ ತೆಗೆದು ತೊಡೆಯ ಮೇಲಿಟ್ಟುಕೊಂಡು ಪಡಸಾಲೆಯಲ್ಲಿ ಕೂತರು. ಓದುತ್ತಿರಲಿಲ್ಲ, ಹಾಳೆ ತಿರುವಲೇ ಇಲ್ಲ.

ಅವರು ಬಂದದ್ದು ಹಾಡಹಗಲಲ್ಲಿ. ಹತ್ತು ಹದಿನೈದು ಜನ, ಕೈಯಲ್ಲಿ ಕೊಡಲಿ, ಬಡಿಗೆ. ಪೇಟೆಯಲ್ಲಿ ಅಪ್ಪನ ಜೊತೆ ನಡೆದಿದ್ದ ತರುಣ ಮುಂದಿದ್ದ. "ಸಿನಿಮಾದಂವ ಎಲ್ಲಿದ್ದಾನ್ರಿ ಮಾಸ್ತರ? ನಮ್ಮವರನ್ನ ಸೇತುವೆ ಮ್ಯಾಲೆ ಗುಂಡು ಹಾಕ್ಸಿ ದೀಪ ಹಚ್ಚಿಸಿದಾಂವ" ಎಂದ.

ಅಪ್ಪ ಹೊಸ್ತಿಲ ಮೇಲೆ ನಿಂತರು. ನಾನು ಒಳಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಆ ಕಡೆ ಯಾರೋ ಉಸಿರಾಡುವುದು ಹಲಗೆಯ ಮೂಲಕ ನನ್ನ ಬೆನ್ನಿಗೆ ತಿಳಿಯುತ್ತಿತ್ತು.

ಗುಂಪಿನಲ್ಲಿ ಹಿಂದೆ ನಿಂತಿದ್ದ ಒಬ್ಬ, "ಗುಂಡು ಹಾಕಲಿಲ್ಲಲ್ಲೋ. ದಾಟ್ಯಾರ ಅವರು. ನಾ ಔರಾದದಾಗ ನೋಡೇನಿ" ಎಂದ.

"ಏನ್ ದಾಟ್ಯಾರ? ನನ್ನ ಕಿವೀಲೆ ಕೇಳೇನಿ, ನಾಲ್ಕೂ ಹೆಣ ನದ್ಯಾಗ ಅಂದ್ರು."

"ಅದು ಬ್ಯಾರೆ ಚಿತ್ರ ಇರಬೇಕು."

"ಅದೇ ಚಿತ್ರ. ಮುದುಕ ಕೀಲಿ ತೆಗೀತಾನಲ್ಲ?"

"ಅದೇ ಮತ್ತ. ಆ ಮುದುಕ ದಾಟಿದ್ದು ಖರೆ ಅದ."

ಕೊಡಲಿ ಹಿಡಿದುಕೊಂಡೇ ಅವರು ವಾದಕ್ಕೆ ನಿಂತರು. ಚಿತ್ರದ ಅಣ್ಣತಮ್ಮಂದಿರಲ್ಲಿ ತಮ್ಮನಿಗೆ ಗುಂಡು ಬಿದ್ದದ್ದನ್ನು ಒಬ್ಬ ಕಣ್ಣಾರೆ ಕಂಡಿದ್ದನಂತೆ. ಯಾರೂ ತೋರಿಸಿರದ ಸಂಗತಿ ಅದು. ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಯಾರ ಮಾತು ಗೆದ್ದರೆ ಬಾಗಿಲ ಹಿಂದಿನವರು ಉಳಿಯುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದೆ.

ಅಪ್ಪ ಕೈಯೆತ್ತಿದರು. "ಇಬ್ಬರೂ ಖರೇನೇ ಕೇಳೀರಿ. ಔರಾದದಾಗ ದಾಟಿಸಿದಂವ ನಾನು. ಅಮೀನ ಹೆದರಿಸಿದ ಮ್ಯಾಲೆ ಭಾಲ್ಕ್ಯಾಗ ಕೊಂದಾಂವನೂ ನಾನು. ಚಿತ್ರದಾಗ ಎರಡೂ ಇಲ್ಲ. ಮಾಲಕ ಒಂದು ಮಾತು ಆಡಿಲ್ಲ. ಯಾರನ್ನಾದ್ರೂ ಕೇಳಬೇಕಂದ್ರ ನನ್ನ ಕೇಳ್ರಿ."

ಅವರು ಅಪ್ಪನನ್ನು ನೋಡಿದರು. ಅವರಲ್ಲಿ ಎಷ್ಟೋ ಜನರಿಗೆ ಅಪ್ಪ ಅಕ್ಷರ ಕಲಿಸಿದ್ದರು. ಮುಂದಿದ್ದ ತರುಣ ಮಾತ್ರ ಜಗ್ಗಲಿಲ್ಲ. "ಹಂಗಾರ ಅವನ ಸಾಮಾನು ಎಲ್ಲದ?" ಎಂದ.

ಅಪ್ಪ, "ಸ್ಟೇಶನ್ ಹತ್ರ ಗೋದಾಮದಾಗ" ಎಂದರು.

ಅವರು ಆ ಕಡೆ ನಡೆದರು. ಸ್ವಲ್ಪ ಹೊತ್ತಿಗೆ ಹೊಗೆ ಎದ್ದಿತು. ಚಿತ್ರದ ರೀಲು ಬೆಂಕಿಗೆ ಬಿದ್ದರೆ ಮಳೆಗೂ ಆರುವುದಿಲ್ಲ. ಯಂತ್ರವನ್ನು ಕಲ್ಲಿನಿಂದ ಜಜ್ಜಿದರಂತೆ. ಅಪ್ಪ ಒಳಕೋಣೆಗೆ ಹೋಗಿ ಚಾಚಾನ ಮುಂದೆ ಕೂತರು. ಚಾಚಾ ಎಲ್ಲ ಕೇಳಿಸಿಕೊಂಡಿದ್ದರು. "ಬರೋಬ್ಬರಿ ಮಾಡಿದ್ರಿ ಮಾಸ್ತರ" ಎಂದರು. ಅದೊಂದನ್ನೇ ಎರಡು ಮೂರು ಸಲ ಹೇಳಿದರು. ಆಮೇಲೆ, "ತಮ್ಮ ಬರಲಿಲ್ಲ" ಎಂದರು.

ಮಿಲಿಟರಿ ಬಂದು ಊರಲ್ಲಿ ತಂಗಿ, ರಸ್ತೆ ಶಾಂತವಾದ ಮೇಲೆ ಅಪ್ಪ, ಚಾಚಾ, ನಾನು ಬಂಡಿ ಮಾಡಿಕೊಂಡು ಠಾಣಾ ಕುಶನೂರಿಗೆ ಹೋದೆವು. ಬಾಣಂತಿಯನ್ನು ಕರೆತರಲು ಹೆಂಗಸೊಬ್ಬಳು ಬೇಕು ಎಂದು ನನ್ನನ್ನು ಕರೆದುಕೊಂಡರು. ಆಕೆಯ ತವರವರನ್ನು ಊರ ಲಿಂಗಾಯತ ರೈತರೊಬ್ಬರು ತಮ್ಮ ದನದ ಕೊಟ್ಟಿಗೆಯಲ್ಲಿ ಉಳಿಸಿದ್ದರು. ಆಕೆ ಹೆಣ್ಣುಕೂಸನ್ನು ಎದೆಗೆ ಅವಚಿಕೊಂಡು ನಮ್ಮ ಬಂಡಿಯೊಳಗೆ ಇಣುಕಿದಳು. ಅವನಿಲ್ಲ. ಅವನು ಅಲ್ಲಿಗೆ ಮುಟ್ಟಿಯೇ ಇರಲಿಲ್ಲ.

ಔರಾದಿನಲ್ಲಿ ಕೇಳುತ್ತ ತಿರುಗಿದೆವು. ಜನ ನಮ್ಮ ಕಣ್ಣು ತಪ್ಪಿಸುತ್ತಿದ್ದರು. ಡಾಬಕಾದ ಮುದುಕಿ ಸಂತೆಗೆ ಬಂದಿದ್ದಳು. ನನ್ನನ್ನು ಗುರುತಿಸಿ ಹತ್ತಿರ ಕರೆದಳು. "ನನ್ನ ಮಗ ತಿರುಗಿ ಬಂದಾನವ್ವ" ಎಂದಳು. ಚಾಚಾನ ತಮ್ಮನ ಬಗ್ಗೆ ಕೇಳಿದೆ. ಆಕೆ ಸುತ್ತ ನೋಡಿ ನನ್ನ ಕೈ ಒತ್ತಿದಳು. "ಈ ಕಡೆ ಕೇಳ್ಕೋತ ತಿರುಗಬ್ಯಾಡ್ರಿ. ಆ ಕೂಸಿನ್ನ ಕರ್ಕೊಂಡು ಹೊತ್ತು ಮುಳುಗೂದ್ರಾಗ ಊರ ಬಿಡ್ರಿ" ಎಂದಳು. ಹಾಗೇ ಬಿಟ್ಟೆವು. ದಾರಿಯುದ್ದಕ್ಕೂ ರಸ್ತೆ ಬದಿಯ ಯಾವ ಬಾವಿಯ ಹತ್ತಿರ ಬಂದರೂ ಚಾಚಾ ಬೇರೆ ಕಡೆ ನೋಡುತ್ತಿದ್ದರು.

ಸಾಲೆ ಮತ್ತೆ ತೆರೆಯಿತು, ಅಪ್ಪ ಪಾಠಕ್ಕೆ ಹೋದರು. ಚಾಚಾ ಬೀದರಿನಲ್ಲಿ ಸ್ಟೋವು, ಗ್ಯಾಸಬತ್ತಿ ರಿಪೇರಿ ಮಾಡಿಕೊಂಡು ಬದುಕಿದರು. ನಾನೂ ಬೀದರಿನಲ್ಲೇ ಮಾಸ್ತರಣಿಯಾದೆ, ಆ ಕೂಸು ದೊಡ್ಡದಾಗಿ ನನ್ನ ತರಗತಿಯಲ್ಲೇ ಕೂತಿತು. ಅದರ ತಾಯಿ ಕೊರಳಿನ ಕರಿಮಣಿ ಲಚ್ಛಾ, ಗಂಡನಿದ್ದವರು ಹಾಕುವ ಸರ, ತೆಗೆಯಲಿಲ್ಲ. ಯಾರೂ ತೆಗೆ ಎನ್ನಲೂ ಇಲ್ಲ.

ಆ ಹುಡುಗಿಯ ಲಗ್ನಕ್ಕೆ ನಾನು ಹೋಗಿದ್ದೆ. ಹುಡುಗಿಯ ತಂದೆಯ ಹೆಸರು ಬರೆದುಕೊಳ್ಳುವಾಗ ಖಾಜಿ ಸಾಹೇಬರು, "ಮರಹೂಮ್ ಅಂತ ಹಚ್ಚಲೇನು?" ಎಂದು ಕೇಳಿದರು. ತೀರಿಕೊಂಡವರ ಹೆಸರಿಗೆ ಹಾಗೆ ಸೇರಿಸುತ್ತಾರೆ. ಚಾಚಾ ಹೆಂಗಸರ ಪರದೆಯ ಕಡೆ ತಿರುಗಿದರು. ಪರದೆಯ ಈಚೆ, ನನ್ನ ಪಕ್ಕದಲ್ಲಿ ಕೂತಿದ್ದ ತಾಯಿ ತಲೆಯ ಸೆರಗು ಸರಿಮಾಡಿಕೊಂಡು, "ಬರೀ ಹೆಸರು ಬರೀರಿ ಸಾಕು" ಎಂದಳು.

ಖಾಜಿಗಳು ಬರೀ ಹೆಸರು ಬರೆದುಕೊಂಡರು.